ಕಾಫಿಗೆ ಜ್ವರ ನೋಡಿದ ಮಾವ

ನನ್ನ ಸೋದರಮಾವನಿಗೆ ಜ್ವರ ಬಂದರೆ ನಮ್ಮ ನಿಮ್ಮ ಹಾಗೆ 'ಮೈ ಬಿಸಿಯಾಗಿದೆ' ಎನ್ನುವುದಿಲ್ಲ. "ಎಕ್ಸೋಥರ್ಮಿಕ್ ಆಗ್ಬುಟ್ಟಿದೀನಿ ಕಣೇ" ಎಂದು ಅತ್ತೆಗೆ ವರದಿ ಒಪ್ಪಿಸುತ್ತಾರೆ! "ಏನಾರ ಆಗ್ರಿ, ಮೊದ್ಲು ಕಷಾಯ ಕುಡೀರಿ" ಎನ್ನುತ್ತಾರೆ ಅತ್ತೆ. ಯಸಳೂರಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿ, ಆಳುಗಳ ಹಾಜರಿ ಬರೆದುಕೊಂಡು ತಣ್ಣಗಿದ್ದ ಮನುಷ್ಯನಿಗೆ ಈ ರೋಗ ಅಂಟಿಸಿದವಳು ನಾನೇ.

ನಾನಾಗ ಮಾವನ ಮನೆಯಲ್ಲಿದ್ದುಕೊಂಡು, ದಿನಾ ಬಸ್ಸಿನಲ್ಲಿ ಸಕಲೇಶಪುರಕ್ಕೆ ಹೋಗಿ ಮೊದಲ ವರ್ಷದ ಪಿಯುಸಿ ಓದುತ್ತಿದ್ದೆ. ಅರ್ಧವಾರ್ಷಿಕ ಪರೀಕ್ಷೆಯ ಕೆಮಿಸ್ಟ್ರಿಯಲ್ಲಿ ನನಗೆ ಬಂದದ್ದು ಹನ್ನೊಂದು. ನಮ್ಮೂರು ಮಗ್ಗೆಯಿಂದ ಅಪ್ಪ ಬಂದರು. "ಕೊನೆ ಪರೀಕ್ಷೇಲೂ ಹಿಂಗೇ ಆದ್ರೆ ಓದಿದ್ದು ಸಾಕು, ಮನೇಗೆ ಬಾ" ಎಂದರು. ಅಪ್ಪ ಒಂದು ಸಲ ಅಂದರೆ ಮುಗಿಯಿತು. ನನ್ನ ಕಣ್ಣಲ್ಲಿ ನೀರು. ಆಗ ಮಾವ ಎಲೆಅಡಿಕೆ ಉಗಿದು ಬಂದು, "ಕೆಮಿಸ್ಟ್ರಿ ತಾನೆ? ನಾನು ಹೇಳ್ಕೊಡ್ತೀನಿ ಬುಡಿ ಭಾವ" ಎಂದರು. ಅತ್ತೆ ರೊಟ್ಟಿ ತಟ್ಟುವುದನ್ನೇ ನಿಲ್ಲಿಸಿದರು.

ಸಂಜೆ ಪಾಠ ಶುರು. ಪಾಠವೆಂದರೆ, ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಅರ್ಥ ಹೇಳಬೇಕು. ಅದನ್ನು ಮಾವ ನನಗೇ ವಾಪಸ್ ಹೇಳಿಕೊಡುತ್ತಾರೆ! ಮೊದಲ ದಿನ ಥರ್ಮೋಡೈನಮಿಕ್ಸ್. ಸಿಸ್ಟಂನಲ್ಲಿ ಮೂರು ವಿಧ ಎಂದು ಓದಿ, ಒಂದೊಂದರ ಅರ್ಥ ಹೇಳಿದೆ.

"ಇಷ್ಟೇನಾ? ನಮ್ಮನೆಗೂ ಪಕ್ಕದ ಮನೆಗೂ ಸಾರೂ ಹೋಗ್ತೈತೆ, ಮಾತೂ ಹೋಗ್ತೈತೆ. ಅದು ಓಪನ್. ನಿಮ್ಮತ್ತೆಗೂ ಅವಳ ಓರಗಿತ್ತಿಗೂ ಸಾರು ನಿಂತೋಗೈತೆ, ಬೈಗುಳ ಮಾತ್ರ ಬೇಲಿ ದಾಟ್ತೈತೆ. ಅದು ಕ್ಲೋಸ್ಡ್. ನಮಗೂ ನಮ್ಮ ದಾಯಾದಿಗಳಿಗೂ ಸಾರೂ ಇಲ್ಲ, ಬೈಗುಳಾನೂ ಇಲ್ಲ. ಐಸೊಲೇಟೆಡ್!"

ಸಾರು ಎಂದಲ್ಲಿ ದ್ರವ್ಯ, ಬೈಗುಳ ಎಂದಲ್ಲಿ ಶಕ್ತಿ ಎಂದು ಓದಿಕೊಳ್ಳಿ. ಪುಸ್ತಕದಲ್ಲಿ ಇರುವುದೂ ಅಷ್ಟೇ ತಾನೆ?

ಎಂಟ್ರೊಪಿಗೆ, ಅಂದರೆ ಅವ್ಯವಸ್ಥೆ ತಾನಾಗಿ ಹೆಚ್ಚುತ್ತದೆ ಎನ್ನುವ ನಿಯಮಕ್ಕೆ, ನಾನು ವಾರವಿಡೀ ತಲೆ ಕೆರೆದುಕೊಂಡಿದ್ದೆ. ಮಾವ ಕಣದತ್ತ ಕೈ ತೋರಿಸಿದರು. "ಒಣಗಾಕಿರೋ ಕಾಫೀನ ಕೋಳಿ ಕೆದರ್ತಾವೆ. ಯಾವತ್ತಾರ ಒಂದು ಕೋಳಿ ಬಂದು ಗುಡ್ಡೆ ಮಾಡಿದ್ದು ನೋಡಿದೀಯಾ? ಚೆಲ್ಲಾಪಿಲ್ಲಿ ತಾನಾಗೇ ಆಗ್ತೈತೆ. ಗುಡ್ಡೆ ಮಾಡಕ್ಕೆ ಆಳು ಬೇಕು, ಆಳಿಗೆ ರೈಟರ್ ಬೇಕು!" ಆ ನಿಯಮ ನನಗೆ ಇವತ್ತಿಗೂ ಮರೆತಿಲ್ಲ.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಮಾವನಿಗೆ ಪ್ರಯೋಗದ ಹುಚ್ಚು ಹತ್ತಿತು! ಅರೇಬಿಕಾ ಕಾಫಿ ಹಣ್ಣಿನ ಸಿಪ್ಪೆ ಸುಲಿದ ಮೇಲೆ, ಬೀಜಕ್ಕೆ ಅಂಟಿದ ಲೋಳೆ ಬಿಡಲೆಂದು ತೊಟ್ಟಿಯಲ್ಲಿ ಹುದುಗಲು ಬಿಡುತ್ತಾರೆ. ಲೋಳೆ ಬಿಟ್ಟ ಕೂಡಲೇ ತೊಳೆಯಬೇಕು, ತಡವಾದರೆ ನಾತ. ಬಿಟ್ಟಿದೆಯೋ ಇಲ್ಲವೋ ಎಂದು ಮಾವ ಅಷ್ಟು ವರ್ಷ ಬೀಜವನ್ನು ಅಂಗೈಯಲ್ಲಿ ಉಜ್ಜಿಯೇ ಹೇಳುತ್ತಿದ್ದರು. ಹುದುಗುವಾಗ ಶಾಖ ಹೊರಬರುತ್ತದೆ, ಅದಕ್ಕೇ ಎಕ್ಸೋಥರ್ಮಿಕ್ ಅನ್ನುವುದು ಎಂದು ನಾನು ಬಾಯಿಬಿಟ್ಟದ್ದೇ ತಪ್ಪಾಯಿತು. ಅತ್ತೆಯ ಜ್ವರ ನೋಡುವ ಥರ್ಮಾಮೀಟರಿಗೆ ದಾರ ಕಟ್ಟಿ ತೊಟ್ಟಿಗೆ ಇಳಿಬಿಟ್ಟರು. "ಪಾದರಸ ಏರಲಿ, ಆಮೇಲೆ ತೊಳೆಯಾನ."

ಪಾದರಸ ಏರಲಿಲ್ಲ. ಹೇಗೆ ಏರೀತು? ಜ್ವರದ ಥರ್ಮಾಮೀಟರ್ ಶುರುವಾಗುವುದೇ ಮೂವತ್ತೈದು ಡಿಗ್ರಿಯಿಂದ, ತೊಟ್ಟಿಯ ಬಿಸಿ ಅಷ್ಟು ಮುಟ್ಟುವುದೇ ಇಲ್ಲ! ನಮ್ಮಿಬ್ಬರಿಗೂ ಅದು ಹೊಳೆಯಲಿಲ್ಲ. "ಇನ್ನೂ ಜ್ವರ ಬಂದಿಲ್ಲ" ಎಂದು ಮಾವ ಇಡೀ ಒಂದು ದಿನ ಹೆಚ್ಚಿಗೆ ಕಾದರು. ಕೊನೆಗೆ ಎಸ್ಟೇಟಿನ ಮಾಲೀಕರಾದ ಗೌಡರೇ ಮೂಗು ಮುಚ್ಚಿಕೊಂಡು ಬಂದರು.

"ಏನ್ರೀ ರೈಟ್ರೇ ಇದು ನಾತ?"

"ಎಕ್ಸೋಥರ್ಮಿಕ್ ರಿಯಾಕ್ಷನ್ ಸಾರ್."

ಗೌಡರ ಮುಖ ಕೆಂಪಗಾದದ್ದನ್ನು ನೋಡಿ ಮಾವ ನನ್ನ ಕಿವಿಯಲ್ಲಿ, "ಅದೂ ಅದೇ" ಎಂದರು. ಆಮೇಲೆ ಒಂದು ವಾರ ಗೌಡರು ಮಾತು ಬಿಟ್ಟರು. ಐಸೊಲೇಟೆಡ್!

ಪರೀಕ್ಷೆಯಲ್ಲಿ ಎಂಟ್ರೊಪಿಯ ಪ್ರಶ್ನೆ ನೋಡಿ ನಾನು ಕಿಸಕ್ಕನೆ ನಕ್ಕಾಗ ಮೇಲ್ವಿಚಾರಕರು ಎರಡು ಸಲ ಬಂದು ನನ್ನ ಡೆಸ್ಕ್ ತಡಕಿದರು. ಸಿಗಲು ಏನಿತ್ತು? ಕೋಳಿಗಳೆಲ್ಲ ನನ್ನ ತಲೆಯೊಳಗಿದ್ದವು.

ಫಲಿತಾಂಶ ಬಂದ ದಿನ ಬಸ್ಸಿಳಿದವಳೇ ಕಣಕ್ಕೆ ಓಡಿದೆ. ಮಾವ ಮೆಣಸು ಹರಡುತ್ತಿದ್ದರು. "ಮಾವ, ಪಾಸು! ಅರವತ್ತೆರಡು! ಅಪ್ಪನಿಗೂ ಫೋನ್ ಮಾಡಿದೆ, ಮುಂದೆ ಓದು ಅಂದ್ರು!" ಮಾವ ಅಲ್ಲೇ ಒಂದು ಸುತ್ತು ಕುಣಿದುಬಿಟ್ಟರು. ನಾನು ನಗುತ್ತಾ, "ನೀವು ಲೆಕ್ಚರರ್ ಆಗ್ಬೇಕಿತ್ತು ಮಾವ" ಎಂದೆ.

ಮಾವ ಕುಣಿತ ನಿಲ್ಲಿಸಿದರು. "ನಾನೆಲ್ಲಿ ಕಣವ್ವ. ಎಸ್ಸೆಸ್ಸೆಲ್ಸೀಲಿ ವಿಜ್ಞಾನ ಒಂದು ಹೋಯ್ತು. ಇನ್ನೊಂದ್ಸಲ ಬರಿ ಅಂತ ಒಬ್ರೂ ಅನ್ನಲಿಲ್ಲ. ಮಾರನೇ ದಿನಾನೇ ಕೈಗೆ ಕತ್ತಿ ಕೊಟ್ಟು ತೋಟಕ್ಕೆ ಕಳಿಸ್ಬುಟ್ರು."

ಇಷ್ಟು ದಿನ ಈ ಮನುಷ್ಯ ನನ್ನ ಪಕ್ಕ ಕೂತಿದ್ದು ಯಾಕೆಂದು ನನಗೆ ಆಗ ತಿಳಿಯಿತು.

"ಈಗ ನಾನು ಅಂತೀನಿ. ಬರೀರಿ ಮಾವ."

ಗೌಡರಿಗೂ ಹೆದರದ ಮಾವ ಅವತ್ತು ಹೆದರಿದರು. ಸಣ್ಣ ದನಿಯಲ್ಲಿ, "ಫೇಲಾದ್ರೆ?" ಎಂದರು.

"ಇನ್ನೊಂದ್ಸಲ ಕೂರೋಣ" ಎಂದೆ.