ಬೆನ್ನು ತಿರುಗಿಸಿ ಕೂಡುವ ಸಿಸ್ಟರ್

ನಮ್ಮ ಕಮಲಾಪುರದ ಸರ್ಕಾರಿ ದವಾಖಾನೆಯ ಸಿಸ್ಟರ್‌ಗೆ ಮುಖವೇ ಇಲ್ಲ ಎಂದರೆ ನಂಬುತ್ತೀರಾ? ಊರಿನ ಬಾಣಂತಿಯರನ್ನು ಕೇಳಿ ನೋಡಿ. ಸಿಸ್ಟರ್‌ನ ಜಡೆ ಎಷ್ಟುದ್ದ, ಯಾವ ಹೆಗಲು ವಾಲಿದೆ, ಕುಪ್ಪಸದ ಹೊಲಿಗೆ ಎಲ್ಲಿ ಬಿಚ್ಚಿದೆ, ಎಲ್ಲ ಹೇಳುತ್ತಾರೆ. ಮೂಗು ಹೇಗಿದೆ ಎಂದರೆ ತಡವರಿಸುತ್ತಾರೆ.

ಕಾರಣ ಇಷ್ಟೇ. ಯಾರ ಮನೆಗೆ ಹೋದರೂ ಕೂಸಿನ ಹೊಕ್ಕುಳು, ತಾಯಿಯ ಜ್ವರ ಚಕಚಕನೆ ನೋಡಿ ಮುಗಿಸಿ, ಹೊಸ್ತಿಲ ಮೇಲೆ ಕೂತುಬಿಡುತ್ತಾಳೆ. ಮುಖ ಓಣಿಗೆ, ಬೆನ್ನು ಮನೆಗೆ. ಹೊಸ್ತಿಲ ಮೇಲೆ ಕೂಡುವುದನ್ನು ಯಾವ ಅತ್ತೆ ಸಹಿಸುತ್ತಾಳೆ? ಒಬ್ಬಳು ಕೇಳಿಯೇ ಕೇಳಿದಳು.

"ಏನ್ರೀ ಸಿಸ್ಟರ್, ಬೆನ್ನು ಮಾಡಿ ಕುಂತೀರಿ. ನಮ್ಮ ಮಾರಿ ಅಷ್ಟು ಕೆಟ್ಟ ಅವ ಏನು?"

"ಮಾರಿ ನೋಡಿ ಕೇಳಿದ್ರ ಎಲ್ಲಾರೂ ಆರಾಮ ಅದೀನಿ ಅಂತಾರ. ಬೆನ್ನಿಗಾದ್ರ ಖರೇ ಹೇಳ್ತಾರ."

ಅತ್ತೆ ಮೂತಿ ತಿರುವಿದಳು. ಅರ್ಧ ತಾಸು ಕಳೆಯುವುದರೊಳಗೆ ಅದೇ ಬೆನ್ನಿಗೆ ತನ್ನ ಗಂಡನ ಮೇಲಿನ ಮೂವತ್ತು ವರ್ಷದ ದೂರು ಒಪ್ಪಿಸುತ್ತ ಕೂತಿದ್ದಳು.

ನಾನು ಬಾಣಂತಿಗೂ ಕೂಸಿಗೂ ನೀರು ಎರೆಯುವ ಮುದುಕಿ. ಒಂದು ಮನೆಯಲ್ಲಿ ನಲವತ್ತು ದಿನ. ನಲವತ್ತೊಂದನೇ ದಿನ ಆ ಮನೆಯವರು ಓಣಿಯಲ್ಲಿ ಸಿಕ್ಕರೆ ಒಂದು 'ಹ್ಞೂಂ', ಅಷ್ಟೇ. ನನ್ನ ಮನೆಯಲ್ಲಿ ನಾನೊಬ್ಬಳೇ. ಸಿಸ್ಟರ್‌ಗೂ ಹಿಂದೆ ಮುಂದೆ ಯಾರಿಲ್ಲ; ಕಲಬುರಗಿಯ ಕೋಟೆ ಹತ್ತಿರ ಒಂದು ಬಾಡಿಗೆ ಕೋಲಿಯಲ್ಲಿದ್ದು ದಿನಾ ಬಸ್ಸಿಗೆ ಬರುತ್ತಾಳೆ. ಇಬ್ಬರು ಒಂಟಿ ಹೆಂಗಸರು ಎದುರಾದರೆ ಗೆಳೆತನ ಆಗುತ್ತದೆ ಅಂದುಕೊಂಡಿರಾ? ಜಗಳ ಆಯಿತು.

"ಆಯಿ, ಹುಟ್ಟಿದ ಕೂಸಿಗೆ ಒಂದು ವಾರ ನೀರು ಹಾಕಬ್ಯಾಡ."

"ಈ ಊರಾಗಿನ ಅರ್ಧ ಮಂದಿ ನನ್ನ ಕಾಲ ಮ್ಯಾಲ ಮಲಗಿ ಎರಕೊಂಡವ್ರು. ಇಲ್ಲೀತನ ಒಬ್ಬರೂ ತಕರಾರು ಹೇಳಿಲ್ಲ."

"ಹೋದ ಕೂಸು ಬಂದು ಹೇಳ್ತಾವೇನು?"

ನನ್ನ ಬಾಯಿ ಮುಚ್ಚಿಸಿದವರು ಕಡಿಮೆ. ಎರಡು ದಿನ ಅವಳನ್ನು ಕಂಡರೆ ಓಣಿ ಬದಲಿಸಿದೆ. ಮೂರನೇ ದಿನ ಅವಳೇ ನನ್ನ ಮನೆಗೆ ಬಂದು, ಹೊಸ್ತಿಲ ಮೇಲೆ ಕೂತು, ಓಣಿಗೆ ಹೇಳಿದಳು: "ಬಾಣಂತಿ ಬಚ್ಚಲದಾಗ ನಾ ಹೋಗಂಗಿಲ್ಲ, ನೀ ಹೋಗ್ತಿ. ಏನರೆ ಬ್ಯಾರೆ ಕಂಡ್ರ ನನಗ ಹೇಳು." ಚಾಡಿ ಹೇಳುವುದು ನನಗೆ ಮೊದಲಿಂದಲೂ ಬರುತ್ತಿತ್ತು, ಅಂದಿನಿಂದ ಅದಕ್ಕೊಂದು ಉಪಯೋಗ ಆಯಿತು.

ಅವಳ ಇನ್ನೊಂದು ಹುಚ್ಚು ಕೇಳಿ. ಯಾರ ಮನೆಯಲ್ಲೂ ಚಹಾ ಮುಟ್ಟುವುದಿಲ್ಲ. ಇದ್ದವರ ಮನೆಯಲ್ಲಿ "ಕೆಂಪು ಬಾಳಿಹಣ್ಣು ಅವ ಏನು?" ಎಂದು ಬಾಯಿಬಿಟ್ಟು ಕೇಳಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಇಲ್ಲದವರ ಮನೆಯಲ್ಲಿ ಆ ಹಣ್ಣನ್ನು ಮರೆತು ಬರುತ್ತಾಳೆ. "ಇಷ್ಟು ಮರೆವಿನಾಕಿ ಕೈಯಾಗ ಸೂಜಿ ಹೆಂಗ ಕೊಟ್ಟಾರವಾ?" ಎಂದು ಒಬ್ಬ ಬಾಣಂತಿ ಆ ಹಣ್ಣನ್ನೇ ತಿನ್ನುತ್ತ ನನ್ನನ್ನು ಕೇಳಿದಳು.

ಹೀಗಿರುವಾಗ ಒಬ್ಬ ಚೊಚ್ಚಲ ಬಾಣಂತಿಗೆ ಎರೆಯಲು ಹೋದೆ. ಹುಡುಗಿಗೆ ತವರಿನಲ್ಲಿ ತಾಯಿ ಇಲ್ಲ. ಬಾಣಂತನ ಗಂಡನ ಮನೆಯಲ್ಲೇ. ಗಂಡ ಕಲಬುರಗಿಯ ಬೇಳೆ ಮಿಲ್ಲಿನಲ್ಲಿ, ಅತ್ತೆ ದಿನವಿಡೀ ಹೊಲದಲ್ಲಿ. ನಾನು ಸುರಿಯುವ ನೀರಿಗೆ ಯಾವ ಬಾಣಂತಿಯಾದರೂ ನನ್ನ ಏಳು ತಲೆಮಾರನ್ನು ಬೈಯುತ್ತಾಳೆ. ಬೈಯದಿದ್ದರೆ ಹಂಡೆ ಆರಿತೇ ಎಂದು ನನಗೆ ಅನುಮಾನ. ಈ ಹುಡುಗಿ ಬೈಯಲಿಲ್ಲ. ಬೆನ್ನು ಕೆಂಪಾಯಿತು, 'ಹಾಂ' ಎನ್ನಲಿಲ್ಲ. ನಾನೇ ಚರಿಗೆ ಕೆಳಗಿಟ್ಟೆ. ಹೊರಗೆ ಕೂಸು ಕಿರುಚುತ್ತಿತ್ತು. ಹುಡುಗಿ ಅತ್ತ ಕತ್ತೂ ತಿರುಗಿಸಲಿಲ್ಲ.

ಸಿಸ್ಟರ್‌ಗೆ ಹೇಳಿದೆ. ತಾಯಿ-ಕೂಸಿನ ಲೆಕ್ಕ ಬರೆಯುತ್ತ ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆ ಹುಡುಗಿಯೂ ಅಲ್ಲೇ ಇದ್ದಳು. "ಆ ಕೂಸಿನ ತೂಕ ಇಳ್ಯಾಕತ್ಯದ್ರೀ ಸಿಸ್ಟರ್. ತಾಯಿಗೆ ಕೇಳಿದ್ರ ಆರಾಮ ಅಂತಾಳ. ಆರಾಮ ಅಂತ ಬರ್ದೀನಿ. ಬ್ಯಾರೆ ಬರೀಲಾಕ ಫಾರಂದಾಗ ಖಾನೆ ಇಲ್ಲ."

"ಖಾನೆ ಇಲ್ಲಂದ್ರ ಹಾಳಿ ಹಿಂದ ಬರಿ. ಆಯಿ ಹೇಳಿದ್ದೂ ಬರಿ."

ಮರುದಿನದಿಂದ ಸಿಸ್ಟರ್ ಆ ಹೊಸ್ತಿಲು ಹಿಡಿದಳು. ಮೂರು ದಿನ ತಾಸುಗಟ್ಟಲೆ ಕೂತಳು. ಆ ಮನೆಯ ಮೆಂತ್ಯ ಸೊಪ್ಪು ಬಿಡಿಸಿದಳು, ಬೇಳೆ ಆರಿಸಿದಳು, ಒಂದು ಮಾತೂ ಕೇಳಲಿಲ್ಲ. "ಸರ್ಕಾರ ಸಿಸ್ಟರ್‌ಗೆ ಪಲ್ಯ ಮಾಡಾಕ ಕಳಸ್ಯದೇನು?" ಎಂದು ನೆರೆಮನೆಯವಳು ನಕ್ಕಳು. ನನಗೂ ಬೇಸರ ಬಂದಿತ್ತು.

ನಾಲ್ಕನೇ ದಿನ ನಾನು ಮೂಲೆಯಲ್ಲಿ ಕೂಸು ತಟ್ಟುತ್ತಿದ್ದೆ. ಹುಡುಗಿ ಆ ಬೆನ್ನಿಗೆ ಹೇಳಿದಳು: "ಸಿಸ್ಟರ್, ಈ ಕೂಸಿಗಿ ಒಯ್ರಿ. ನನ್ನ ಕೈಯಾಗ ಬಿಡಬ್ಯಾಡ್ರಿ. ನನಗ ನಂದೇ ಅಂಜಿಕಿ ಬರ್ತದ."

ಸಿಸ್ಟರ್ ತಿರುಗಲಿಲ್ಲ. ಸೊಪ್ಪು ಬಿಡಿಸುವ ಕೈ ಮಾತ್ರ ನಿಂತಿತು.

"ಒಯ್ತೀನಿ. ನಿನಗೂ ಒಯ್ತೀನಿ."

ಅಂದೇ ಕಲಬುರಗಿಯ ದೊಡ್ಡ ದವಾಖಾನೆಗೆ ಹೋದೆವು; ತಾಯಿ-ಕೂಸು ಇಬ್ಬರನ್ನೂ ವಾರ್ಡಿಗೆ ಸೇರಿಸಿಕೊಂಡರು. ಇದು ಹೆರಿಗೆಯ ಬೆನ್ನಿಗೆ ಬರುವ ಮನಸ್ಸಿನ ಬೇನೆ, ವಾಸಿಯಾಗುತ್ತದೆ, ಆದರೆ ಒಂದು ಗಳಿಗೆಯೂ ಇವಳನ್ನು ಒಂಟಿ ಬಿಡಬೇಡಿ ಎಂದರು ಡಾಕ್ಟರ್. ಒಂಟಿ ಬಿಡಬಾರದಂತೆ! ಆ ವಿದ್ಯೆ ನಮ್ಮಿಬ್ಬರಿಗೆ ಎಲ್ಲಿಂದ ಬರಬೇಕು?

ಆದರೂ ಪಾಳಿ ಹಚ್ಚಿಕೊಂಡೆವು. ಹಗಲು ನಾನು. ಡ್ಯೂಟಿ ಮುಗಿಸಿ ಬಂದು ಬೆಳಗಿನತನಕ ಸಿಸ್ಟರ್. ಅತ್ತೆಯಿಂದ ರೊಟ್ಟಿ ಕಟ್ಟಿಸಿ ಗಂಡನ ಕೈಯಲ್ಲಿ ಕಳಿಸುವುದು ಆಶಾ ಹುಡುಗಿಯ ಪಾಲಿಗೆ. ಮಲಗಲು ನಾನು ಸಿಸ್ಟರ್‌ನ ಕೋಲಿಗೆ ಹೋಗುತ್ತಿದ್ದೆ. ಅಲ್ಲಿ ಒಂದೇ ತಾಟು, ಒಂದೇ ಲೋಟ, ಗೋಡೆಯ ಮೇಲೆ ಯಾರದೂ ಫೋಟೋ ಇಲ್ಲ. ನನ್ನ ಮನೆಯಲ್ಲೂ ಅಷ್ಟೇ ಇರುವುದು. ಆದರೆ ಬೇರೆಯವರ ಮನೆಯಲ್ಲಿ ನೋಡಿದಾಗ ಕಣ್ಣಿಗೆ ಹೊಡೆಯುತ್ತದೆ.

ಹನ್ನೊಂದನೇ ದಿನ ಸಂಜೆ. ಸಿಸ್ಟರ್ ಆಗಷ್ಟೇ ಬಸ್ಸಿಳಿದು ಬಂದು ಚೀಲ ಇಡುತ್ತಿದ್ದಳು. ನಾನು ಹೊರಡಲು ಎದ್ದು, ಅಳುವ ಕೂಸನ್ನು ಅವಳ ಕೈಗೆ ಕೊಡುತ್ತಿದ್ದೆ. ಗೋಡೆಗೆ ಮುಖ ಮಾಡಿ ಮಲಗಿದ್ದ ಹುಡುಗಿ ಇತ್ತ ಹೊರಳಿದಳು.

"ಅವ್ವಾ, ಕೂಸಿಗಿ ಹಸಿವಾಗ್ಯದ. ಇಲ್ಲಿ ಕೊಡು."

"ಬಂದೆ" ಎಂದೆವು, ಇಬ್ಬರೂ ಒಮ್ಮೆಲೇ.

ಅಂಗೈಯಷ್ಟು ಕೂಸು, ಅದಕ್ಕೆ ನಾಲ್ಕು ಕೈ. ಯಾರೂ ಬಿಡಲಿಲ್ಲ, ಹಾಗೇ ಹಿಡಿದು ಒಯ್ದು ಅವಳ ಮಡಿಲಲ್ಲಿ ಇಟ್ಟೆವು. ಹುಡುಗಿ ಸೆರಗು ಸರಿಸಿ ಹಾಲಿಗೆ ಹಚ್ಚಿದಳು.

ನಮ್ಮಿಬ್ಬರಲ್ಲಿ ಯಾರನ್ನು 'ಅವ್ವಾ' ಎಂದು ಕರೆದಳೋ. ನಾನೂ ಕೇಳಲಿಲ್ಲ, ಸಿಸ್ಟರ್ ಕೂಡ ಕೇಳಲಿಲ್ಲ.