ಅತ್ತೆಯ ಪಿಚ್ಚರಿನಲ್ಲಿ ಮಂದಿಗೂ ಪಾರ್ಟು

ನಮ್ಮ ಸೋದರತ್ತೆ ಕೊಟ್ಟ ಇಂಜೆಕ್ಷನ್ ನೋಯಿತೆಂದು ಹೇಳುವವರು ನಾರಾಯಣಖೇಡದಲ್ಲಿ ಒಬ್ಬರೂ ಸಿಗುವುದಿಲ್ಲ. ಕೈಗುಣ ಅಂದುಕೊಂಡಿರಾ? ಅಲ್ಲ, ಕಂಠದ ಗುಣ! ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿದ್ದ ಅತ್ತೆ ಹಾಡದೆ ಯಾರಿಗೂ ಸೂಜಿ ಚುಚ್ಚಿದವರಲ್ಲ. ಪಲ್ಲವಿಗೆ ಸ್ಪಿರಿಟ್ ಒರೆಸುವುದು, ಚರಣಕ್ಕೆ ಸೂಜಿ. ಜ್ವರ ಬಿಟ್ಟ ಮೇಲೂ ಎರಡನೇ ಚರಣ ಕೇಳಲು ಬಂದು ಸಾಲಿನಲ್ಲಿ ಕೂತವರಿದ್ದರಂತೆ. ಇದನ್ನು ಹೇಳಿದ್ದು ಅತ್ತೆಯೇ. ಹಾಗಾಗಿ ಅರ್ಧ ನಂಬಿದರೆ ಸಾಕು.

ಊರಿನ ಬಹಳಷ್ಟು ಜನ ಹುಟ್ಟಿದ್ದೇ ಅವರ ಕೈಮೇಲೆ. ಯಾರಾದರೂ ಎದುರಾಡಿದರೆ, "ಏ, ಹುಟ್ಟಿದಾಗ ನೀ ಅಳಲಿಲ್ಲಂತ ಕುಂಡಿ ಮ್ಯಾಲ ಬಾರಿಸಿದಾಕಿ ನಾನು. ಇನ್ನೊಂದು ಬೇಕೇನು?" ಎನ್ನುತ್ತಿದ್ದರು. ಎಂಥ ಮುಖಂಡನಾದರೂ ಅಲ್ಲಿಗೆ ತಣ್ಣಗೆ!

ಇಂಥ ಅತ್ತೆ ನಿವೃತ್ತರಾದ ಮೇಲೆ ಒಮ್ಮೆ ಜಹೀರಾಬಾದಿಗೆ, ನನ್ನ ಗಂಡನ ಮನೆಗೆ ಬಂದರು. ಅಂದು ಟಿವಿಯಲ್ಲಿ ಯಾರೋ ಗಾಯಕಿಯ ಜೀವನದ ಸಿನಿಮಾ. ಆಕೆ ಒಬ್ಬನನ್ನು ಪ್ರೀತಿಸುತ್ತಾಳೆ, ಜನ ಆಡಿಕೊಳ್ಳುತ್ತಾರೆ, ಕೊರಗಿ ಕ್ಷಯ ಬಂದು ಹಾಡುತ್ತಲೇ ಸಾಯುತ್ತಾಳೆ. ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಅತ್ತೆ ಮಾತ್ರ ಕೆಂಡವಾಗಿದ್ದರು.

"ಮಂದಿ ಅಂದ್ರಂತ ಸಾಯೋದೇನು? ಅದೂ ಹಾಡ್ಕೋತ! ಪುಪ್ಪುಸ ಕೆಟ್ಟಾಕಿಗೆ ಅಷ್ಟುದ್ದ ತಾನ ಹೊಡೆಯಾಕ ಆಗ್ತದೇನ? ಇದನ್ನ ತೆಗೆದಾವ ಡಾಕ್ಟರ್‌ಗೆ ಒಂದ್ ಮಾತು ಕೇಳಬಾರ್ದಿತ್ತಾ?"

ಟಿವಿ ಆರಿಸಿ, ತೀರ್ಪು ಓದಿದಂತೆ ಹೇಳಿದರು: "ನನ್ನ ಮ್ಯಾಲ ಒಂದು ಪಿಚ್ಚರ್ ತಗೀಬೇಕು. ಹಾಡಿನ ಪಿಚ್ಚರ್."

ಅತ್ತೆಯ ಜೀವನದಲ್ಲಿ ಪಿಚ್ಚರಿಗಾಗುವಂಥದ್ದು ಏನಿತ್ತು? ಮದುವೆಯಾದ ಎರಡನೇ ವರ್ಷವೇ ಗಂಡ ತೀರಿಕೊಂಡರು. ನರ್ಸಿಂಗ್ ಓದಿ, ಅಣ್ಣನ ಮನೆಯಲ್ಲಿದ್ದುಕೊಂಡೇ ಕೆಲಸಕ್ಕೆ ಹೋದರು. ಆ ಅಣ್ಣನೇ ನಮ್ಮ ಅಪ್ಪ. ಮಕ್ಕಳಿಗೆ ಲಸಿಕೆ ಹಾಕಲು ಮನೂರಿನ ಹಳ್ಳಿಗಳಿಗೆ ಹೋಗುವಾಗ ಶೇರ್ ಆಟೋದಲ್ಲಿ ಒಬ್ಬ ಮಾಸ್ತರು ಜೊತೆಯಾಗುತ್ತಿದ್ದರು. ತಾಂಡೂರಿನವರು. ಮನೂರ್ ಕಡೆಯ ಶಾಲೆಯಲ್ಲಿ ಕೆಲಸ, ಸಂಜೆ ಭಜನೆಯಲ್ಲಿ ಹಾರ್ಮೋನಿಯಂ. ಅತ್ತೆ ಗುನುಗುತ್ತಿದ್ದರು, ಮಾಸ್ತರು ಮೊಣಕಾಲ ಮೇಲೆ ಬೆರಳಾಡಿಸುತ್ತಿದ್ದರು. ಅಷ್ಟೇ! ಆದರೆ ಆ ಆಟೋದಲ್ಲಿ ಉಳಿದವರಿಗೂ ಕಣ್ಣಿತ್ತಲ್ಲ?

ಒಂದು ದಿನ ಮಾಸ್ತರು ಆಟೋದಲ್ಲೇ ಕೇಳಿಬಿಟ್ಟರು, "ಜಲ್ಮಪೂರ್ತಿ ಹಿಂಗ ನನ್ನ ಜೋಡಿ ಹಾಡ್ತೀರೇನ್ರಿ?"

ಅತ್ತೆ ಅಂದದ್ದು ಒಂದೇ ಮಾತು: "ಮಂದಿ ಏನಂತಾರ್ರಿ?"

ಮಾಸ್ತರು ತಮ್ಮೂರ ಹತ್ತಿರದ ಯಾಲಾಲಕ್ಕೆ ವರ್ಗ ಮಾಡಿಸಿಕೊಂಡು ಹೋದರು. ಮದುವೆಯಾಗಲಿಲ್ಲ. ಅತ್ತೆ ಸೂಜಿ ಚುಚ್ಚುತ್ತಾ ಹಾಡಿದರು.

ಪಿಚ್ಚರಿನ ಸುದ್ದಿ ಕೇಳಿ ನಾರಾಯಣಖೇಡದ ಮನೆಯಲ್ಲಿ ಅಪ್ಪ ತಲೆಮೇಲೆ ಕೈಹೊತ್ತು ಕೂತರು. "ಹುಚ್ಚ್ ಹಿಡದದೇನು ನಿನಗ? ಈ ವಯಸ್ಸಿನ್ಯಾಗ ಹಳೇದೆಲ್ಲ ಕೆದಕಿದ್ರ ಮಂದಿ ಏನಂತಾರ?"

"ಏನಂತಾರ? ಏನ್ ಅಂದಿದ್ರೋ ಅದನ್ನೇ ಅನ್ಲಿ. ಅವ್ರಿಗೂ ಪಾರ್ಟ್ ಕೊಡ್ತೀನಿ!"

ಕೊಟ್ಟೂಬಿಟ್ಟರು! ಅಂದು ಆಡಿಕೊಂಡವರಲ್ಲಿ ಬದುಕಿದ್ದವರನ್ನೆಲ್ಲ ಮನೆಮನೆಗೆ ಹೋಗಿ ಕರೆತಂದರು. ಅವರು ನಾಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಎಲ್ಲಿಯ ನಾಚಿಕೆ? ಪೌಡರ್ ಹಚ್ಚಿಕೊಂಡು ಬಂದರು! ಎದುರುಮನೆಯ ದೊಡ್ಡವ್ವನಂತೂ ತನ್ನ ಪಾರ್ಟಿನ ಮಾತು ಕೇಳಿಸಿಕೊಂಡು ಮುಖ ಸಿಂಡರಿಸಿದಳು. "ಇದೇನವ್ವ, ಬರೀ ಎರಡು ಮಾತು? ನಾ ಅವಾಗ ಇಷ್ಟ ಅಂದಿಲ್ಲ, ಭಾಳ ಅಂದೀನಿ. ನಿನಗ ಗೊತ್ತಿಲ್ಲ. ಬಾಯಿಲೆ ಹೇಳ್ತೀನಿ, ಬರ್ಕೋ."

ಕ್ಯಾಮೆರಾ ನಮ್ಮ ಚಿಕ್ಕಪ್ಪನ ಮಗನದು. ಅವನು ಮದುವೆ ವಿಡಿಯೋ ತೆಗೆಯುವವನು. ಅವನಿಗೆ ಬರುತ್ತಿದ್ದದ್ದು ಎರಡೇ ವಿದ್ಯೆ: ಡ್ರೋನ್ ಹಾರಿಸುವುದು, ಯಾರನ್ನೇ ಆಗಲಿ ಗುಲಾಬಿ ಬಣ್ಣದ ಹೃದಯದೊಳಗೆ ಕೂರಿಸುವುದು. ದವಾಖಾನೆಯ ದೃಶ್ಯದಲ್ಲಿ ಸಲೈನ್ ಬಾಟಲಿಯನ್ನೂ ಹೃದಯದೊಳಗೆ ಕೂರಿಸಿದ್ದ. "ಅತ್ತಿ, ಇಪ್ಪತ್ತಾರು ವರ್ಷದ ಪಾರ್ಟಿಗೆ ಬ್ಯಾರೆ ಹುಡುಗೀನ ಹುಡುಕೋಣೇನು?" ಎಂದು ಕೇಳಿದ್ದಕ್ಕೆ ಅತ್ತೆ, "ನನ್ನ ಪಾರ್ಟ್ ಬ್ಯಾರೆಯವ್ರು ಮಾಡಿದ್ರ ಸುಳ್ಳಾಗ್ತದ. ನೀ ಕ್ಯಾಮೆರಾ ಸ್ವಲ್ಪ ದೂರ ಇಡು, ಸಾಕು" ಅಂದರು. ಅವನು ಇಟ್ಟ ದೂರಕ್ಕೆ ಅತ್ತೆ ಯಾರು, ತೊಗರಿ ಗಿಡ ಯಾವುದು ತಿಳಿಯುತ್ತಿರಲಿಲ್ಲ.

ನಾಯಕ ಯಾರು? ಅತ್ತೆ ಯಾರನ್ನೂ ಕೇಳಲಿಲ್ಲ. ಯಾರ ಯಾರ ಹತ್ತಿರವೋ ವಿಚಾರಿಸಿ ನಂಬರು ಪಡೆದು, ನನ್ನೆದುರೇ ತಾಂಡೂರಿಗೆ ಫೋನು ಹಚ್ಚಿದರು. ಆ ಕಡೆಯಿಂದ "ಯಾರ್ರಿ?" ಅಂದದ್ದೇ ತಡ, ಹಲೋ ಇಲ್ಲ, ಹೆಸರಿಲ್ಲ, ನೇರ ಆಲಾಪ! ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಆಲಾಪ ಮುಗಿಯುವವರೆಗೂ ಆ ಕಡೆಯವರು ಫೋನು ಇಡಲಿಲ್ಲ.

"ಶ್ರುತಿ ಇಳಿಸೀರಿ," ಎಂದಿತು ಕೊನೆಗೆ ಒಂದು ಮುದಿ ದನಿ.

"ವಯಸ್ಸಾತಲ್ರಿ ಮಾಸ್ತರ್."

"ನನ್ನ ಹಾರ್ಮೋನಿಯಂ ಪೆಟ್ಟಿಗಿ ಇನ್ನೂ ಅದೇ ಶ್ರುತಿಗೇ ನಿಂತದ. ಇಳಿಸ್ಕೋತೀನಿ, ಬಿಡ್ರಿ."

ಅತ್ತೆ ನನ್ನ ಕಡೆ ಬೆನ್ನು ಮಾಡಿದರು.

ಮಾಸ್ತರು ತಾಂಡೂರ್ ಕಡೆಯ ಬಸ್ಸಿನಿಂದ ಹಾರ್ಮೋನಿಯಂ ಎದೆಗವಚಿಕೊಂಡು ಇಳಿದರು. ಮೂವತ್ತರ ಪಾತ್ರವೆಂದು ಕೂದಲಿಗೆ ಬಣ್ಣ ಹಚ್ಚಿದ್ದರು. ಬಣ್ಣ ಕೂದಲಿಗಿಂತ ಕಿವಿಗೇ ಹೆಚ್ಚು ಹತ್ತಿತ್ತು. ಅತ್ತೆ ಬಸ್‌ಸ್ಟ್ಯಾಂಡಿನಲ್ಲೇ ಚೀಲದಿಂದ ಸ್ಪಿರಿಟ್, ಅರಳೆ ತೆಗೆದು ಕಿವಿ ಒರೆಸತೊಡಗಿದರು. ಸುತ್ತ ಜನವೋ ಜನ! "ಬಿಡ್ರಿ, ಮಂದಿ ನೋಡ್ತಾರ" ಎಂದು ಮಾಸ್ತರು ಒದ್ದಾಡಿದರೆ, "ಅವ್ರಿಗೆಲ್ಲ ಪಾರ್ಟ್ ಅದರಿ, ಸುಮ್ನ ಕೂಡ್ರಿ" ಎಂದು ಗದರಿದರು.

ಅಪ್ಪ ಮಾತ್ರ ಇದರ ಹತ್ತಿರ ಸುಳಿಯಲಿಲ್ಲ. ತಾಲೀಮು ಶುರುವಾದರೆ ಚಪ್ಪಲಿ ಮೆಟ್ಟುವುದು, ಚಹಾ ಹೊತ್ತಿಗೆ ಬರುವುದು. ಒಮ್ಮೆ ಕಪ್ಪಿನೊಳಗೆ ನೋಡುತ್ತಾ ಕೇಳಿದರು: "ನನ್ನ ಪಾರ್ಟೂ ಅದ ಏನು?"

"ಅದ. ಬಾಗಲದಾಗ ನಿಂದ್ರೋದು. ಮಾತಿಲ್ಲ," ಅಂದರು ಅತ್ತೆ. "ಅವತ್ತ ಮಂದಿ ಆಡ್ಕೊಂಡಾಗೂ ನೀ ಏನೂ ಅಂದಿದ್ದಿಲ್ಲ, ಅಣ್ಣಾ."

ಅಪ್ಪ ಚಹಾ ಮುಗಿಸದೆ ಎದ್ದು ಹೋದರು.

ಆಮೇಲೆ ಆಟೋ ದೃಶ್ಯದ ದಿನ ಬಂತು. ಮನೂರ್ ರಸ್ತೆ, ಎರಡೂ ಕಡೆ ಜೋಳ, ಮೇಲೆ ಡ್ರೋನು. ಆಟೋ ತುಂಬಾ "ಮಂದಿ". ನಾನು ಛತ್ರಿ ಹಿಡಿಯುವ ಸಹಾಯಕ ನಿರ್ದೇಶಕಿ. ಮಾಸ್ತರು ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೇಳಬೇಕು, ಅತ್ತೆ ಆ ಒಂದು ಮಾತು ಹೇಳಬೇಕು, ದೊಡ್ಡವ್ವ "ನಾಚಿಕಿ ಇಲ್ಲೇನ್ ಈಕಿಗೆ!" ಎನ್ನಬೇಕು. ಮೊದಲ ಸಲ ಅತ್ತೆಗೆ ಕೆಮ್ಮು. ಎರಡನೇ ಸಲ ಆಟೋದವನು ಅಭ್ಯಾಸಬಲದಿಂದ "ಮನೂರ್, ಮನೂರ್!" ಎಂದು ಕೂಗಿಬಿಟ್ಟ. ಮತ್ತೆ ಶುರು.

"ಜಲ್ಮಪೂರ್ತಿ ಹಿಂಗ ನನ್ನ ಜೋಡಿ ಹಾಡ್ತೀರೇನ್ರಿ?" ಮಾಸ್ತರು ಕೇಳಿದರು.

ಅತ್ತೆ ಅವರನ್ನೇ ನೋಡಿದರು. "ಹೂಂರಿ. ಹಾಡ್ತೀನಿ."

"ಕಟ್! ಕಟ್! ಅತ್ತಿ, ಡೈಲಾಗ್ ತಪ್ಪಾತು!"

"ಅವತ್ತ ತಪ್ಪಿತ್ತು ಮಗಾ. ಇವತ್ತ ಬರೋಬರ್ ಅದ."

ಮಾಸ್ತರ ಕೈ ಹಾರ್ಮೋನಿಯಂ ಮೇಲೆ ಕುಸಿದು, ಅದು ಭೋಂ ಎಂದು ಕೂಗಿತು. ದೊಡ್ಡವ್ವ ಕಂಗಾಲಾಗಿ ಆ ಕಡೆ ಈ ಕಡೆ ನೋಡಿದಳು. "ಹಂಗಾದ್ರ ನಾ ಈಗ ಏನನ್ಲಿ?"

"ನಾಕು ಅಕ್ಕಿಕಾಳು ಹಾಕ್ರಿ, ಸಾಕು," ಅಂದರು ಮಾಸ್ತರು. ಅಷ್ಟು ಹೇಳಿ ಅಳತೊಡಗಿದರು.

ಅಕ್ಕಿ ಎಲ್ಲಿಂದ ಬರಬೇಕು? ದೊಡ್ಡವ್ವ ಹೊಲಕ್ಕಿಳಿದು ಜೋಳದ ತೆನೆ ತಿಕ್ಕಿ ಕಾಳು ತಂದು ಇಬ್ಬರ ತಲೆಮೇಲೂ ಸುರಿದಳು. ಸುರಿದು, ಆರತಿ ಹಾಡು ಎತ್ತಿಕೊಂಡಳು. ಆಟೋದ ಅಷ್ಟೂ ಮಂದಿ ದನಿಗೂಡಿಸಿದರು. ನಾರಾಯಣಖೇಡದ ಪೇಟೆ ಮುಟ್ಟುವವರೆಗೂ ಹಾಡೇ ಹಾಡು! ಆಟೋದವನು ಹಾರ್ನಿನಲ್ಲೇ ತಾಳ ಹಾಕಿದ. ಮುಂದೆ ಇಬ್ಬರ ಮದುವೆ ಆಯಿತು, ಆ ಮದುವೆಯ ಹಾಲ್‌ನಲ್ಲೇ ಪಿಚ್ಚರ್ ತೋರಿಸಿದೆವು, ಪರದೆಯ ಮೇಲೆ ತಮ್ಮನ್ನು ತಾವು ಕಂಡು ಮಂದಿ ಸೀಟಿ ಹೊಡೆದರು. ಕೊನೆಯ ದೃಶ್ಯದಲ್ಲಿ ಇಡೀ ಆಟೋ ಗುಲಾಬಿ ಹೃದಯದೊಳಗೆ ಕೂತಿತ್ತು.

ಆದರೆ ನನಗೆ ಹೇಳಬೇಕಾದದ್ದು ಆ ಆಟೋ ದಿನದ ಸಂಜೆಯದು.

ಆಟೋಗಿಂತ ಮುಂಚೆ ಸುದ್ದಿ ಮನೆ ಸೇರಿತ್ತು. ಅಪ್ಪ ಮನೆಯಲ್ಲಿರಲಿಲ್ಲ. ಫೋನು ಬಿಟ್ಟು, ಯಾರಿಗೂ ಹೇಳದೆ ಬಸ್ ಹತ್ತಿದ್ದರು. ಅತ್ತೆ ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ. "ಸಿಟ್ಟಾಗಿ ಹೋಗ್ಯಾನ. ಅವನೊಬ್ಬ ಬ್ಯಾಡಂದ್ರ ನಾ ಏನ್ ಮಾಡ್ಲಿ?" ಎಂದು ಬಾಗಿಲ ಕಡೆಗೇ ನೋಡುತ್ತಿದ್ದರು. ಊರಿಗೇ ಪಾರ್ಟು ಹಂಚಿದ ಹೆಂಗಸು ಅಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಸಂಜೆ ಅಪ್ಪ ಬಂದರು. ಬಗಲಲ್ಲಿ ಒಂದು ಚೀಲ. ಚಪ್ಪಲಿ ಬಿಟ್ಟು, ಅತ್ತೆಯ ಎದುರು ನೆಲದ ಮೇಲೆ ಕೂತರು.

"ಜಹೀರಾಬಾದಿಗಿ ಹೋಗಿದ್ದೆ. ಅಂಗಡ್ಯಾವ ಯಾರಿಗಿ ಸೀರಿ ಅಂದ. ಮದುಮಗಳಿಗಿ ಅಂದೆ. ವಯಸ್ಸೆಷ್ಟು ಅಂದ. ಅರವತ್ತೆರಡು ಅಂದೆ." ಅಪ್ಪ ಚೀಲದ ಬಾಯಿ ಬಿಚ್ಚಿದರು. "ನಕ್ಕ. ಅಂಗಡ್ಯಾಗಿನ ಮಂದಿ ಎಲ್ಲಾ ನಕ್ರು. ಇನ್ನೂ ಕೆಂಪಂದು ತೋರ್ಸು ಅಂದೆ."

ಚೀಲದಿಂದ ಹೊರಬಂದ ಸೀರೆ ಕಣ್ಣು ಕುಕ್ಕುವಷ್ಟು ಕೆಂಪಾಗಿತ್ತು. ಅತ್ತೆ ಅದನ್ನು ಮಡಿಲಿಗೆ ಎಳೆದುಕೊಂಡು, ಅಂಚು ಹಿಡಿದು ಕೆನ್ನೆಗೆ ಒತ್ತಿಕೊಂಡರು.

"ಫಾಲ್ ಹಚ್ಚಿಸೀಯೇನಣ್ಣಾ?" ಅಂದರು.

"ಹೂಂನವ್ವ," ಅಂದರು ಅಪ್ಪ. "ಟೇಲರ್ ನಾಳಿ ಬಾ ಅಂದ. ಹೊಲಿಯೋತನಾ ಅಲ್ಲೇ ಅವನ ಮುಂದ ಕುಂತಿದ್ದೆ."