ಪೆಡಲ್ ದೋಣಿಯಲ್ಲಿ ಕೊಟ್ಟ ಸಲಹೆ

ನೆನಪಿನಿಂದ ಬರೆಯುವವರನ್ನು ನಾನು ನಂಬುವುದಿಲ್ಲ. ಅವರಿಗೆ ಬೇಕಾದಾಗ ಮಳೆ ಬರುತ್ತದೆ, ಬೇಕಾದಾಗ ಹಕ್ಕಿ ಕೂಗುತ್ತದೆ, ಹೇಳಬೇಕಾದ ಮಾತು ಸರಿಯಾದ ಹೊತ್ತಿಗೆ ಬಾಯಿಗೆ ಬಂದು ನಿಲ್ಲುತ್ತದೆ. ನನಗೋ ನಿನ್ನೆ ಸಾರಿಗೆ ಉಪ್ಪು ಹಾಕಿದ್ದೆನೇ ಎಂಬುದನ್ನು ಮನೆಯವರ ಮುಖ ನೋಡಿ ತಿಳಿದುಕೊಳ್ಳಬೇಕು. ಆದ್ದರಿಂದ ನಾನೂ ವಿನಯಾಳೂ ಆಫೀಸಿಗೆ ಚಕ್ಕರ್ ಹೊಡೆದು ಮುಂಬೈ ಪಕ್ಕದ ಠಾಣೆ ಊರಿನ ಕೆರೆಗೆ ಹೋದ ಕಥೆಯನ್ನು ಓದುವಾಗ ನೀವು ಸ್ವಲ್ಪ ಅನುಮಾನ ಇಟ್ಟುಕೊಂಡಿರುವುದೇ ಒಳ್ಳೆಯದು.

ವಿನಯಾ ನನ್ನ ಟ್ರೇನ್ ಗೆಳತಿ. ಅವಳು ಕಾರ್ಕಳದ ಕಡೆಯವಳು, ನಾನು ಧಾರವಾಡದವಳು. ಹನ್ನೊಂದು ವರ್ಷಗಳಿಂದ ಡೊಂಬಿವಲಿಯಿಂದಲೇ ಹೊರಡುವ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ದಾದರಿನವರೆಗೆ ಪಕ್ಕಪಕ್ಕ ಕೂತು ಹೋಗುತ್ತಿದ್ದೆವು. ಅವಳ ಥೈರಾಯ್ಡ್ ಮಾತ್ರೆ ಎಷ್ಟರದ್ದು, ಅವಳ ಅತ್ತೆ ಕಿವಿಯ ಮೆಷಿನ್ನನ್ನು ಯಾವ ಮಾತು ಬಂದಾಗ ಆಫ್ ಮಾಡುತ್ತಾರೆ, ಎಲ್ಲ ಗೊತ್ತು. ಆದರೆ ಅವಳ ಮನೆಗೆ ನಾನು ಹೋಗಿಲ್ಲ, ನನ್ನ ಮನೆಗೆ ಅವಳು ಬಂದಿಲ್ಲ. ದಾದರಿನಲ್ಲಿ ಇಳಿದೊಡನೆ ಅವಳು ಪಶ್ಚಿಮಕ್ಕೆ, ನಾನು ಪೂರ್ವಕ್ಕೆ ಓಡುತ್ತಿದ್ದೆವು. ಅವಳ ಮುಖದಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದದ್ದು ಬಲಗೆನ್ನೆ ಒಂದೇ.

ಆ ಗುರುವಾರ ಗಾಡಿ ದಿವಾ ಸ್ಟೇಷನ್ ದಾಟುವಾಗ ಅವಳು ಹೇಳಿದಳು: "ನಮ್ಮ ಆಫೀಸಿನವರು ಕೋಪರಖೈರಣೆಯಲ್ಲಿ ಹೊಸ ಬ್ರಾಂಚ್ ಮಾಡ್ತಾರಂತೆ ಮಾರಾಯ್ತಿ. ಅಲ್ಲಿಗೆ ಬರ್ತೀಯಾ, ದಾದರಿನಲ್ಲೇ ಇರ್ತೀಯಾ ಅಂತ ಕೇಳಿದ್ದಾರೆ. ಇವತ್ತು ಹನ್ನೆರಡರ ಒಳಗೆ ಹೇಳ್ಬೇಕು."

ಕೋಪರಖೈರಣೆ ಎಂದರೆ ಠಾಣೆಯಲ್ಲೇ ಇಳಿದು ಬೇರೆ ಗಾಡಿ ಹಿಡಿಯುವುದು. ಅವಳ ಮೊಣಕಾಲಿಗೆ ದಾದರಿನ ಮೆಟ್ಟಿಲು ತಪ್ಪುತ್ತದೆ, ದಿನಕ್ಕೆ ಒಂದು ಗಂಟೆ ಉಳಿಯುತ್ತದೆ. ನನಗೆ ಮಾತ್ರ ಠಾಣೆಯಿಂದ ಮುಂದಕ್ಕೆ ದಿನವೂ ಯಾರದೋ ಗುರುತಿಲ್ಲದ ಭುಜ. ಈ ಲೆಕ್ಕ ಹಾಕುತ್ತಿರುವಾಗಲೇ ಠಾಣೆ ಬಂತು. ಯಾರೋ "ಇಳಿಯೋಣ" ಅಂದರು. ಅವಳೇ ಅಂದಳೆಂದು ನನ್ನ ವಾದ. ನಾನು ಅವಳ ಪರ್ಸಿನ ಪಟ್ಟಿ ಹಿಡಿದು ಎಳೆದೆನೆಂದು ಅವಳ ವಾದ. ಹೇಗೂ ನಮ್ಮ ಡಬ್ಬಿಯಲ್ಲಿ ಇಳಿಯುವ ಯೋಚನೆ ಮಾಡಿದರೆ ಸಾಕು, ಉಳಿದದ್ದನ್ನು ಹಿಂದಿನವರು ನೋಡಿಕೊಳ್ಳುತ್ತಾರೆ. ಕಣ್ಣು ಬಿಟ್ಟಾಗ ಇಬ್ಬರೂ ಪ್ಲಾಟ್‌ಫಾರ್ಮಿನ ಮೇಲಿದ್ದೆವು. ಗಾಡಿ ನಮ್ಮಿಬ್ಬರನ್ನು ಬಿಟ್ಟು ನಿಶ್ಚಿಂತೆಯಿಂದ ಹೋಯಿತು.

ಕೆರೆ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಹನ್ನೊಂದು ವರ್ಷ ಅದರ ಮಗ್ಗುಲಲ್ಲೇ ಹಾದುಹೋಗಿದ್ದರೂ ನೋಡಿರಲಿಲ್ಲ. ಆ ದಿನ ನನಗೆ ಕೆರೆಗಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ವಿನಯಾಳ ನಡಿಗೆ. ಅವಳು ನಿಧಾನ! ಕೈಬೀಸಿಕೊಂಡು, ಪ್ರತಿ ಅಂಗಡಿಯ ಬೋರ್ಡು ಓದಿಕೊಂಡು ನಡೆಯುತ್ತಾಳೆ. ದಾದರಿನಲ್ಲಿ ಜಿಂಕೆಯಂತೆ ಮಾಯವಾಗುತ್ತಿದ್ದವಳು ಇವಳೇ ಹೌದೋ ಎಂದು ಎರಡು ಸಲ ತಿರುಗಿ ನೋಡಿದೆ.

ಕೆರೆಯ ದಂಡೆಯ ಬೆಂಚುಗಳೆಲ್ಲ ತುಂಬಿದ್ದವು. ನಮ್ಮ ಡಬ್ಬಿಯಲ್ಲಿ ಒಂದು ಪದ್ಧತಿಯಿದೆ: ನಿಂತವರು ಕೂತವರನ್ನು 'ಎಲ್ಲಿ ಇಳಿಯುತ್ತೀರಿ' ಎಂದು ಕೇಳಬೇಕು, ಅವರು ಎದ್ದಾಗ ಆ ಸೀಟು ಕೇಳಿದವರದ್ದು. ವಿನಯಾ ಸೀದಾ ಹೋಗಿ, ಕಾಲೇಜು ತಪ್ಪಿಸಿ ಕೂತಿದ್ದ ಒಂದು ಹುಡುಗ-ಹುಡುಗಿಯನ್ನು ಮರಾಠಿಯಲ್ಲಿ ಕೇಳಿಯೇಬಿಟ್ಟಳು, "ತುಮ್ಹೀ ಕುಠೆ ಉತರಣಾರ?"

ಹುಡುಗ ಕೆರೆಯನ್ನೂ ಅವಳನ್ನೂ ನೋಡಿದ. ಹುಡುಗಿ ನಗು ತಡೆಯಲಾರದೆ, "ಕಾಕೂ, ಆಮ್ಹೀ ಶೇವಟಪರ್ಯಂತ," ಅಂದಳು. ನಾವು ಕೊನೆಯ ಸ್ಟೇಷನ್ನಿನವರೆಗೂ, ಅಂತ.

"ಈಗಿನವರು ಹಾಗೇ ಹೇಳೋದು," ಎಂದು ವಿನಯಾ ಕನ್ನಡದಲ್ಲಿ ಗೊಣಗಿದಳು. "ಮುಂದಿನ ಸ್ಟೇಷನ್ ಮುಲುಂಡಿನಲ್ಲೇ ಎದ್ದು ಹೋಗ್ತಾರೆ, ನೋಡು ಬೇಕಾದ್ರೆ."

ಅಲ್ಲಿಂದ ಒಂದು ಉಡುಪಿ ಹೋಟೆಲಿಗೆ ಹೋದೆವು. ಅಲ್ಲಿ ಸಂಕಟ ಶುರುವಾಯಿತು. ಮೇಜಿನ ಆಚೆ ಅವಳು, ಈಚೆ ನಾನು. ಇಷ್ಟು ವರ್ಷ ಪಕ್ಕದಲ್ಲಿದ್ದವಳು ಎದುರಿಗೆ ಬಂದುಬಿಟ್ಟರೆ ಏನು ಮಾತಾಡುವುದು? ಎಡಗೆನ್ನೆಯಲ್ಲಿ ಒಂದು ಮಚ್ಚೆ ಇದೆ ಎಂದು ತಿಳಿಯಿತು. ಹೆಣ್ಣು ನೋಡಲು ಬಂದವಳಂತೆ ಅದನ್ನೇ ನೋಡಿದೆ. "ಇಡ್ಲಿ ಚಲೋ ಅದ," ಅಂದೆ. "ಹೌದು, ಮೆತ್ತಗಿದೆ," ಅಂದಳು. ಹನ್ನೊಂದು ವರ್ಷದ ಸ್ನೇಹ ಇಷ್ಟರಲ್ಲಿ ಮುಗಿಯಿತು. ಕೋಪರಖೈರಣೆಯ ಸುದ್ದಿ ಚಟ್ನಿ ಬಟ್ಟಲಿನ ಪಕ್ಕದಲ್ಲೇ ಇತ್ತು, ಇಬ್ಬರೂ ಮುಟ್ಟಲಿಲ್ಲ.

ಮತ್ತೆ ಕೆರೆಗೆ ಬಂದೆವು. ಅಲ್ಲಿ ದೋಣಿ ಬಿಡುವುದಕ್ಕೆ ಶುರುಮಾಡಿದಾಗ ಹನ್ನೊಂದು ದಾಟಿತ್ತು. ಹಂಸದ ಕುತ್ತಿಗೆಯ ಪೆಡಲ್ ದೋಣಿ. ಕುತ್ತಿಗೆಯ ಬಣ್ಣ ಹೋಗಿ ಹಂಸಕ್ಕೆ ಯಾವುದೋ ಚರ್ಮರೋಗ ಬಂದಂತಿತ್ತು. ಒಳಗೆ ಎರಡೇ ಸೀಟು, ಪಕ್ಕಪಕ್ಕ. ಕೂತದ್ದೇ ತಡ, ವಿನಯಾಳ ಬಾಯಿ ಬಿಚ್ಚಿತು. ಅತ್ತೆ, ಮೊಣಕಾಲು, ಹೊಸ ಬ್ರಾಂಚಿನ ಕ್ಯಾಂಟೀನು, ಎಲ್ಲ ಬಂತು. ಅವಳು ಪೆಡಲ್ ತುಳಿಯಲಿಲ್ಲ, ನಾನೇ ತುಳಿದೆ. ಇದರಲ್ಲಿ ನನಗೆ ಅನುಮಾನವಿಲ್ಲ, ತೊಡೆ ಎರಡು ದಿನ ನೋಯುತ್ತಿತ್ತು.

ಕೆರೆಯ ನಡುವೆ ಅವಳು ಕೇಳಿದಳು, "ನಿಂಗೆ ಎಂತ ಅನ್ನಿಸ್ತದೆ? ಹೋಗ್ಲಾ, ಇರ್ಲಾ?"

ನಾನು ದೊಡ್ಡ ಉಸಿರು ತೆಗೆದುಕೊಂಡು ಹೇಳಿದೆ, "ಹೋಗು ವಿನಯಾ. ಮೊಣಕಾಲು ನಿಂದು, ಹತ್ತಿಳಿಯೂದು ನಿಂದು. ನನ್ನ ಸಲುವಾಗಿ ಯಾಕ ನೋಯಿಸ್ಕೋತಿ?"

ಹೇಳುವಾಗ ನನಗೆ ಪೂರ್ತಿ ಭರವಸೆಯಿತ್ತು. ಡಾಕ್ಟರಿರಲಿ, ಮಗಳ ಟ್ಯೂಷನ್ ಇರಲಿ, ಸೀರೆಯ ಬಣ್ಣವಿರಲಿ, ನನ್ನ ಒಂದು ಸಲಹೆಯನ್ನೂ ಅವಳು ಇದುವರೆಗೆ ಕೇಳಿದವಳಲ್ಲ. 'ಹೋಗು' ಅಂದರೆ 'ನಿನ್ನ ಬಿಟ್ಟು ಹೇಗೆ ಹೋಗೋದು ಮಾರಾಯ್ತಿ' ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಫೋನ್ ತೆಗೆದು, "ಸರ್, ಕೋಪರಖೈರಣೆಯೇ ಚಲೇಗಾ," ಎಂದು ಇಟ್ಟುಬಿಟ್ಟಳು. ಉಪದೇಶ ಕೊಡುವಾಗ ಎದುರಿನವರು ಕೇಳಿಬಿಡಬಹುದು ಎಂಬ ಅಪಾಯವನ್ನು ಯಾರೂ ನನಗೆ ಹೇಳಿರಲಿಲ್ಲ. ದಂಡೆಯಲ್ಲಿ ದೋಣಿಯವನು ಸೀಟಿ ಊದಿ ಕರೆಯುತ್ತಿದ್ದ. ನಾನು ಹಂಸವನ್ನು ಸುಮ್ಮನೆ ಇನ್ನೊಂದು ಸುತ್ತು ತಿರುಗಿಸಿದೆ.

ಇದಾಗಿ ಮೂರು ತಿಂಗಳು. ಅವಳು ಈಗ ಠಾಣೆಯಲ್ಲಿ ಇಳಿದುಹೋಗುತ್ತಾಳೆ. ಗೆಳತಿಯ ಒಳ್ಳೆಯದಕ್ಕಾಗಿ ಸ್ವಂತ ಸುಖ ಬಿಟ್ಟುಕೊಟ್ಟೆನೆಂದು ನಾನು ಮನೆಯಲ್ಲಿ, ಆಫೀಸಿನಲ್ಲಿ, ಎದುರು ಬಿಲ್ಡಿಂಗಿನ ಕುಲಕರ್ಣಿ ಬಾಯಿಯವರ ಹತ್ತಿರವೂ ಹೇಳಿಕೊಂಡಿದ್ದೇನೆ. ಮೊನ್ನೆ ತಡೆಯಲಾರದೆ ಅವಳನ್ನೇ ಕೇಳಿದೆ, "ಅವತ್ತ ನಾ ಹೋಗಬ್ಯಾಡ ಅಂದಿದ್ರ ನೀ ಉಳೀತಿದ್ದೇನು?"

ವಿನಯಾ ಕಣ್ಣರಳಿಸಿದಳು. "ಎಂತ ಉಳಿಯೋದು? ನೀನು ಹೋಗ್ಬೇಡ ಅಂತಲೇ ಹೇಳಿದ್ದಲ್ವಾ! ಅಳುವ ಮುಖ ಮಾಡಿಕೊಂಡು ಹತ್ತು ಸಲ ಹೇಳಿದಿ. ನಿನ್ನ ಮಾತಿಗೆ ಉಲ್ಟಾ ಮಾಡಿದ್ರೆ ನಂಗೆ ಯಾವಾಗ್ಲೂ ಒಳ್ಳೇದಾಗ್ತದೆ ಅಂತಲೇ ನಾನು ಕೋಪರಖೈರಣೆ ಅಂದದ್ದು."

ಅಷ್ಟರಲ್ಲಿ ಠಾಣೆ ಬಂದು ಅವಳು ಇಳಿದಾಗಿತ್ತು. ದಾದರಿನವರೆಗೆ ಯೋಚಿಸಿದೆ. ನನ್ನ ಕಥೆಯ ಹೆಂಗಸು ತ್ಯಾಗಮಯಿ, ಒಳಗೊಳಗೇ ಲೆಕ್ಕಾಚಾರದವಳು. ವಿನಯಾಳ ಕಥೆಯ ಹೆಂಗಸು ಸ್ವಾರ್ಥಿ, ಆದರೆ ಗೆಳತಿಗೆ 'ಇರು' ಅಂತ ಬಾಯಿಬಿಟ್ಟು ಹತ್ತು ಸಲ ಅಂದಿದ್ದಾಳೆ. ಯಾಕೋ ಈ ಎರಡನೆಯವಳೇ ನನಗೆ ಹೆಚ್ಚು ಹಿಡಿಸಿದಳು. ಇನ್ನು ಯಾರಾದರೂ ಕೇಳಿದರೆ, ಹೋಗಬೇಡ ಅಂದೆನೆಂದೇ ಹೇಳಬೇಕೆಂದಿದ್ದೇನೆ. ನಾಲ್ಕು ಸಲ ಹೇಳಿದರೆ ನೆನಪೂ ಬರಬಹುದು.